ಯಾವ ಲುಕ್ಸಾನ ಪಾಠ, ಯಾವುದು ಬರೇ ಖರ್ಚು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಸಂಕೇಶ್ವರದ ಕಡೆ ಬರುವಾಗ ಕಣಗಲಾ ಸಿಗುತ್ತದೆ. 1985ರಿಂದ ಇಲ್ಲಿರುವ ಹಿಂದುಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ (ಈಗ ಅದು ಎಚ್‌ಎಲ್‌ಎಲ್ ಲೈಫ್‌ಕೇರ್) ಊರಿನ ಗುರುತು. ಕಾರ್ಖಾನೆಯ ಆಚೆಗೆ ಹೊಲ. ಬೆಲೆಯ ಏರಿಳಿತ ಈ ಭಾಗಕ್ಕೆ ಹೊಸದೇನಲ್ಲ. ಒಂದು ಮಗ್ಗುಲಿಗೆ ನಿಪ್ಪಾಣಿಯ ತಂಬಾಕು ಪೇಟೆ, ಇನ್ನೊಂದು ಮಗ್ಗುಲಿಗೆ ಸಂಕೇಶ್ವರದ ಮೆಣಸಿನಕಾಯಿ, ಕೆಳಗೆ ಗೋಕಾಕ-ಮೂಡಲಗಿಯ ಕಬ್ಬು, ಬೆಲ್ಲ. ತೇಜಿ, ಮಂದಿ, ಅಡತಿ, ದಲಾಲಿ, ಉದ್ರಿ, ಲುಕ್ಸಾನ ಎಂಬ ಮಾತುಗಳು ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಆಡುತ್ತವೆ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯಲ್ಲಿ ಇದೇ ಹೆದ್ದಾರಿಯನ್ನು ತಡೆದು ಕೂತದ್ದೂ ಬೆಲೆಗಾಗಿಯೇ.

ಆದರೆ ಷೇರು ಎಂದರೆ ಇಲ್ಲಿ ಬಹುಕಾಲ ಸಕ್ಕರೆ ಕಾರ್ಖಾನೆಯ ಷೇರು. ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಕಾರ್ಖಾನೆಯ ಷೇರಿನ ಬೆಲೆ ಮುಂಜಾನೆ ಏರಿ ಸಂಜೆ ಇಳಿಯುವಂಥದ್ದಲ್ಲ. ಅದು ಸದಸ್ಯತ್ವ. ಕಬ್ಬು ಕಳಿಸಲು ಬರುತ್ತದೆ, ಹಬ್ಬಕ್ಕೆ ರಿಯಾಯಿತಿ ಸಕ್ಕರೆ ಬರುತ್ತದೆ, ಪ್ರಮಾಣಪತ್ರ ಟ್ರಂಕಿನ ತಳದಲ್ಲಿದ್ದು ಅಪ್ಪನಿಂದ ಮಗನಿಗೆ ಬರುತ್ತದೆ. ಹೊಲದ ಸಂಗತಿಯೂ ಅದೇ. ಕೊಂಡ ಬೆಲೆಗಿಂತ ಕಡಿಮೆಗೆ ಹೊಲ ಮಾರಿದವನು ಎಂದರೆ ಮನೆತನ ಮುಳುಗಿಸಿದವನು ಎಂದೇ ಅರ್ಥ. ಫೋನಿನೊಳಗೆ ಡಿಮ್ಯಾಟ್ ಖಾತೆ ಬಂದು ಕೂತ ಮೇಲೂ ಈ ಮನಸ್ಸು ಬದಲಾಗಲಿಲ್ಲ. ಚಹಾದಂಗಡಿಯಲ್ಲಿ ಕಿವಿಗೆ ಬೀಳುವ ಮಾತು: “ಮಾರಿದ್ರ ಅಷ್ಟ ಲುಕ್ಸಾನರೀ. ಇಟ್ಕೊಂಡು ಕುಂತ್ರ ಏನಾಗೇತಿ?”

ಇಂಥ ಮನಸ್ಸಿಗೆ ನೇರ ಎದುರಾಗಿ ನಿಲ್ಲುವ ಒಂದು ವ್ಯಾಪಾರ ಪದ್ಧತಿ ಈಗ ಹಳ್ಳಿಯ ಹುಡುಗರ ಫೋನಿಗೂ ಬಂದಿದೆ. ಟ್ರೆಂಡ್ ಫಾಲೋಯಿಂಗ್ ಎನ್ನುತ್ತಾರೆ. ಬೆಲೆ ಯಾವ ಕಡೆ ನಡೆದಿದೆಯೋ ಆ ಕಡೆ ಅದರ ಬೆನ್ನು ಹತ್ತುವುದು, ಇಷ್ಟೇ. 20 ದಿನಗಳ ಅತಿ ಹೆಚ್ಚಿನ ಬೆಲೆಯನ್ನು ದಾಟಿತೇ, ಕೊಳ್ಳು. 10 ದಿನಗಳ ಅತಿ ಕಡಿಮೆ ಬೆಲೆಗಿಂತ ಕೆಳಗಿಳಿಯಿತೇ, ಮಾರು. ನಡುವೆ ಯಾರ ಮಾತನ್ನೂ ಕೇಳಬೇಡ, ನಿನ್ನದನ್ನೂ ಸೇರಿಸಿ. ಚಾರ್ಟಿನ ಮೇಲೆ ಎರಡು ಗೆರೆಯಾಗಿ ಕಾಣುವ ಈ ನಿಯಮ ಯಾವ ವಿಶ್ವವಿದ್ಯಾಲಯದಲ್ಲೂ ಹುಟ್ಟಲಿಲ್ಲ. ಒಬ್ಬ ರತ್ನಗಂಬಳಿ ವ್ಯಾಪಾರಿಯ ಮಗ, ಒಬ್ಬ ನರ್ತಕ, ಶಿಕಾಗೋದ ಸರಕುಪೇಟೆಯ ಕಟ್ಟೆಯಲ್ಲಿ ಕೂಗುತ್ತಿದ್ದ ಒಬ್ಬ ಹುಡುಗ ಇದನ್ನು ತುಂಡುತುಂಡಾಗಿ ಕಂಡುಕೊಂಡರು. ಮೂವರ ಕೈಗೂ ಅದು ಸಿಕ್ಕಿದ್ದು ರೊಕ್ಕ ಕಳೆದುಕೊಂಡ ಜಾಗದ ಆಸುಪಾಸಿನಲ್ಲೇ.

ಲುಕ್ಸಾನವನ್ನು ಬೇಗ ಕತ್ತರಿಸು, ಫಾಯದೆಯನ್ನು ಓಡಲು ಬಿಡು ಎಂಬ ಬುದ್ಧಿಮಾತು ಅವರಿಗಿಂತ ಹಳೆಯದು. ಲಂಡನ್ನಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಷೇರುಪೇಟೆಯಲ್ಲಿ ಸಂಪತ್ತು ಗಳಿಸಿದ್ದು ಇದೇ ಸೂತ್ರದಿಂದ ಎಂದು 1838ರಷ್ಟು ಹಿಂದೆಯೇ ಅಚ್ಚಾಗಿತ್ತು. ನೂರು ವರ್ಷ ಎಲ್ಲರೂ ಅದನ್ನು ತಲೆದೂಗಿ ಕೇಳಿದರು, ಪಾಲಿಸಿದವರು ವಿರಳ. ಪಾಲಿಸುವುದಾದರೂ ಹೇಗೆ? ಬೇಗ ಎಂದರೆ ಎಷ್ಟು ಬೇಗ? ಓಡಲು ಬಿಡು ಎಂದರೆ ಎಲ್ಲಿಯವರೆಗೆ? ಉಪದೇಶದಲ್ಲಿ ಅಂಕಿಯೇ ಇರಲಿಲ್ಲ. ಆವಿಷ್ಕಾರ ಆದದ್ದು ಆ ಅಂಕಿಯದು.

ಮೊದಲನೆಯವನು ರಿಚರ್ಡ್ ಡಾಂಚಿಯನ್. 1905ರಲ್ಲಿ ಅಮೆರಿಕದ ಹಾರ್ಟ್‌ಫೋರ್ಡ್‌ನಲ್ಲಿ ಹುಟ್ಟಿದ. ಅಪ್ಪ-ಅಮ್ಮ ವಲಸೆ ಬಂದ ಅರ್ಮೇನಿಯನ್ನರು, ಮನೆಯ ವ್ಯಾಪಾರ ರತ್ನಗಂಬಳಿ. 1928ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪದವಿ, 1929ರಲ್ಲಿ ಪೇಟೆಯ ಮಹಾಕುಸಿತ. ಕೈಯಲ್ಲಿದ್ದುದು ಹೋಯಿತು. ಆ ಕಾಲದಲ್ಲಿ ಸೋತವರು ಸಾಮಾನ್ಯವಾಗಿ ಎರಡು ದಾರಿ ಹಿಡಿದರು: ಒಂದೋ ಪೇಟೆಗೆ ಕೈಮುಗಿದು ಹೊರಟರು, ಇಲ್ಲವೇ ಒಳ್ಳೆಯ ಕಂಪನಿ ಯಾವುದೆಂದು ಇನ್ನಷ್ಟು ಆಳವಾಗಿ ಅಗೆದರು. ಡಾಂಚಿಯನ್ ಕಂಪನಿಯನ್ನೇ ಬದಿಗಿಟ್ಟು ಬೆಲೆಯನ್ನು ನೋಡತೊಡಗಿದ. ಎರಡನೆಯ ಮಹಾಯುದ್ಧದಲ್ಲಿ ವಾಯುಸೇನೆಯ ಅಂಕಿಸಂಖ್ಯೆ ವಿಭಾಗದಲ್ಲಿ ದುಡಿದ. 1949ರಲ್ಲಿ ಫ್ಯೂಚರ್ಸ್ ಇಂಕ್ ಎಂಬ ನಿಧಿ ತೆರೆದ. ಸಾರ್ವಜನಿಕರ ರೊಕ್ಕವನ್ನು ಒಟ್ಟುಗೂಡಿಸಿ ಸರಕುಪೇಟೆಯಲ್ಲಿ ಹೂಡಿದ ಮೊದಲ ನಿಧಿಗಳಲ್ಲಿ ಅದೊಂದು. ಆಮೇಲೆ 1960ರಿಂದ ವಾರಕ್ಕೊಮ್ಮೆ ಗಿರಾಕಿಗಳಿಗೆ ಕಾಗದ ಬರೆದು ತನ್ನ ನಿಯಮಗಳನ್ನು ಬಿಚ್ಚಿಟ್ಟ.

ಅವನ ನಾಲ್ಕು ವಾರದ ನಿಯಮ ಎಷ್ಟು ಸರಳವೆಂದರೆ ಹೇಳಲು ನಾಚಿಕೆಯಾಗಬೇಕು. ಹಿಂದಿನ ನಾಲ್ಕು ಪೂರ್ಣ ವಾರಗಳ ಅತಿ ಹೆಚ್ಚಿನ ಬೆಲೆಯನ್ನು ದಾಟಿದರೆ ಕೊಳ್ಳು, ಅತಿ ಕಡಿಮೆ ಬೆಲೆಯಿಂದ ಕೆಳಗಿಳಿದರೆ ಮಾರು. ಗೋದಿಗೂ ಅದೇ, ತಾಮ್ರಕ್ಕೂ ಅದೇ, ಸಕ್ಕರೆಗೂ ಅದೇ. ಗೋದಿಯ ಬೆಳೆ ಹೇಗಿದೆ, ಮಳೆ ಎಲ್ಲಿ ಬಿತ್ತು ಎಂದು ಕೇಳುವಂತಿಲ್ಲ. ಹುಕ್ಕೇರಿಯ ಅಡತಿ ಅಂಗಡಿಯಲ್ಲಿ ಇದನ್ನು ಹೇಳಿದರೆ ನಗೆಪಾಟಲಾಗುತ್ತದೆ. ಮಾಲು ಮುಟ್ಟಿ ನೋಡದೆ ಸೌದಾ ಮಾಡುವವನನ್ನು ಇಲ್ಲಿ ಯಾರೂ ಶಾಣ್ಯಾ ಎನ್ನುವುದಿಲ್ಲ. ಆದರೆ ಅಡತಿಯವನಿಗೆ ಮಾಲು ಕಾಣುತ್ತದೆ, ದೂರದ ಪೇಟೆಯಲ್ಲಿ ಕೂತವನಿಗೆ ಕಾಣುವುದು ಬೆಲೆ ಮಾತ್ರ. ಕಾಣದ್ದರ ಬಗ್ಗೆ ಊಹೆ ಮಾಡಿ ಸೋಲುವುದಕ್ಕಿಂತ ಕಾಣುವುದನ್ನೇ ನಂಬುವುದು ಮೇಲು ಎಂಬುದು ಡಾಂಚಿಯನ್ನನ ಲೆಕ್ಕ. 1970ರ ಸುಮಾರಿಗೆ ಬೇರೆಯವರು ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಆ ಕಾಲದ ಹೆಸರುವಾಸಿ ಪದ್ಧತಿಗಳಲ್ಲಿ ಈ ನಾಲ್ಕು ವಾರದ ನಿಯಮವೇ ಮುಂದಿತ್ತು. ಇಂದು ನಮ್ಮ ಫೋನುಗಳ ಚಾರ್ಟಿನಲ್ಲಿ ‘ಡಾಂಚಿಯನ್ ಚಾನೆಲ್’ ಎಂದು ಒತ್ತಿದರೆ ಮೂಡುವ ಎರಡು ಗೆರೆ ಅವನವೇ.

ಎರಡನೆಯವನ ಕತೆ ಇದಕ್ಕಿಂತ ರಸವತ್ತಾದದ್ದು. ನಿಕೊಲಾಸ್ ಡಾರ್ವಾಸ್ ಹಂಗೇರಿಯವ, ಯುದ್ಧಕಾಲದಲ್ಲಿ ದೇಶ ಬಿಟ್ಟು ಬಂದವ, ವೃತ್ತಿಯಿಂದ ನರ್ತಕ. 1952ರಲ್ಲಿ ಟೊರಾಂಟೊದ ನೈಟ್‌ಕ್ಲಬ್ ಮಾಲೀಕರು ಕುಣಿತಕ್ಕೆ ನಗದಿನ ಬದಲು ಬ್ರಿಲುಂಡ್ ಎಂಬ ಗಣಿ ಕಂಪನಿಯ ಷೇರು ಕೊಡುತ್ತೇವೆಂದರು. ಅವನಿಗೆ ಆ ತಾರೀಖಿಗೆ ಹೋಗಲಾಗಲಿಲ್ಲ. ದಾಕ್ಷಿಣ್ಯಕ್ಕೆ 50 ಸೆಂಟಿನ ದರದಲ್ಲಿ 6,000 ಷೇರು ಕೊಂಡು ಮರೆತುಬಿಟ್ಟ. ಎರಡು ತಿಂಗಳ ಮೇಲೆ ಪತ್ರಿಕೆ ತೆರೆದರೆ ಬೆಲೆ 1.90 ಡಾಲರ್. ಮಾರಿದ. ಸುಮಾರು 8,000 ಡಾಲರ್ ಫಾಯದೆ.

ಪುಕ್ಕಟೆ ಬಂದ ಈ ಮೊದಲ ಗೆಲುವೇ ಅವನಿಗೆ ಅತಿ ದುಬಾರಿಯಾಯಿತು. ಅವರಿವರ ಟಿಪ್ಸ್ ಹಿಡಿದು ಸಣ್ಣಪುಟ್ಟ ಷೇರು ಕೊಂಡು ಕಳೆದುಕೊಂಡ. ಆಮೇಲೆ ಬುದ್ಧಿ ಬಂತು ಎಂದುಕೊಂಡು ನ್ಯೂಯಾರ್ಕ್ ಪೇಟೆಗೆ ಬಂದ, ಕಂಪನಿಗಳ ಲೆಕ್ಕಪತ್ರ ಓದಿದ, ಲಾಭಾಂಶ ಹೋಲಿಸಿದ, ಎಲ್ಲ ದೃಷ್ಟಿಯಿಂದಲೂ ಅಪ್ಪಟ ಎನಿಸಿದ ಜೋನ್ಸ್ ಅಂಡ್ ಲಾಫ್ಲಿನ್ ಎಂಬ ಉಕ್ಕಿನ ಕಂಪನಿಯನ್ನು ಆರಿಸಿದ. ಆಸ್ತಿಯ ಮೇಲೆ ಸಾಲ ಎತ್ತಿ 1,000 ಷೇರು ಕೊಂಡ, 52 ಡಾಲರಿನ ಮೇಲೆ. ಬೆಲೆ ಇಳಿಯಿತು. ಲೆಕ್ಕ ಸರಿಯಿತ್ತು, ಕಂಪನಿ ಒಳ್ಳೆಯದಿತ್ತು, ಬೆಲೆ ಮಾತ್ರ ದಿನದಿನ ಇಳಿಯುತ್ತಲೇ ಇತ್ತು. 44ಕ್ಕೆ ಮಾರಿ ಹೊರಬಂದಾಗ ಸುಮಾರು 9,000 ಡಾಲರ್ ಹೋಗಿತ್ತು. ಕಂಗಾಲಾಗಿ ಕೂತವನ ಕಣ್ಣಿಗೆ ಟೆಕ್ಸಾಸ್ ಗಲ್ಫ್ ಪ್ರೊಡ್ಯೂಸಿಂಗ್ ಎಂಬ ಷೇರು ಬಿತ್ತು. ಆ ಕಂಪನಿ ಏನು ಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅದು ದಿನವೂ ಏರುತ್ತಿತ್ತು, ಅಷ್ಟು ಸಾಕಾಯಿತು. ಕೊಂಡ, ಕೆಲವು ವಾರಗಳಲ್ಲಿ ಕಳೆದುದರ ಅರ್ಧಕ್ಕಿಂತ ಹೆಚ್ಚು ಮರಳಿ ಬಂತು.

ಅಲ್ಲಿಂದ ಹುಟ್ಟಿದ್ದು ಡಾರ್ವಾಸನ ಪೆಟ್ಟಿಗೆ. ಷೇರು ಒಂದು ಮಿತಿಯ ಒಳಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಮೇಲಿನ ಮಿತಿ ಮುರಿದಾಗ ಕೊಳ್ಳಬೇಕು, ಕೊಂಡ ಗಳಿಗೆಯಲ್ಲೇ ಸ್ವಲ್ಪ ಕೆಳಗೆ ಸ್ಟಾಪ್‌ಲಾಸ್ (ಬೆಲೆ ಅಲ್ಲಿಗೆ ಇಳಿದರೆ ಮಾರಿಬಿಡಿ ಎಂಬ ಆದೇಶ) ಇಡಬೇಕು, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಏರಿದ ಹಾಗೆ ಸ್ಟಾಪ್‌ಲಾಸನ್ನೂ ಏರಿಸುತ್ತ ಹೋಗಬೇಕು. 1956ರ ಕೊನೆಗೆ ಎರಡು ವರ್ಷದ ವಿಶ್ವ ಪ್ರವಾಸಕ್ಕೆ ಹೊರಟ. ದಿನಕ್ಕೊಂದು ಟೆಲಿಗ್ರಾಂ, ಅದರಲ್ಲಿ ನಾಲ್ಕಾರು ಷೇರಿನ ಬೆಲೆ, ತಡವಾಗಿ ಕೈಸೇರುವ ಒಂದು ವಾರಪತ್ರಿಕೆ. ಬೇರೆ ಸುದ್ದಿಯಿಲ್ಲ.

1957ರಲ್ಲಿ ಸೈಗಾನ್‌ನಲ್ಲಿ ಕುಣಿಯುತ್ತಿದ್ದಾಗ ಲೊರಿಲಾರ್ಡ್ ಎಂಬ ಸಿಗರೇಟ್ ಕಂಪನಿಯ ಷೇರು ಅವನ ಗಮನಕ್ಕೆ ಬಂತು. 27½ ಡಾಲರಿಗೆ 200 ಷೇರು, ಸ್ಟಾಪ್‌ಲಾಸ್ 26ಕ್ಕೆ. ಕೆಲವೇ ದಿನಗಳಲ್ಲಿ ಬೆಲೆ ಸರಿಯಾಗಿ 26ಕ್ಕೆ ಇಳಿದು, ಅವನ ಷೇರು ಮಾರಾಟವಾಗಿ, ಅದೇ ದಿನ ಮತ್ತೆ ಮೇಲೆದ್ದಿತು. ಇಂಥದ್ದು ಅನುಭವಿಸಿದವರಿಗೆ ಗೊತ್ತು, ಇದಕ್ಕಿಂತ ಹೊಟ್ಟೆಯುರಿಸುವ ಲುಕ್ಸಾನ ಮತ್ತೊಂದಿಲ್ಲ. ಪೂರ್ತಿ ಬಿದ್ದಿದ್ದರೆ ಸಮಾಧಾನವಿತ್ತು. ನಮ್ಮನ್ನು ಹೊರಗೆ ದಬ್ಬುವುದಕ್ಕಾಗಿಯೇ ಇಳಿದು ಬಂದ ಹಾಗೆ ಕಾಣುತ್ತದೆ. ಸಾಮಾನ್ಯ ಮನುಷ್ಯ ಇಲ್ಲಿ ಮೂರರಲ್ಲಿ ಒಂದು ‘ಪಾಠ’ ಕಲಿಯುತ್ತಾನೆ: ಈ ಷೇರು ಅಪಶಕುನ, ಇದರ ತಂಟೆ ಬೇಡ; ಸ್ಟಾಪ್‌ಲಾಸ್ ಎಂಬುದೇ ಮೋಸ, ಇನ್ನು ಮುಂದೆ ಇಡಬಾರದು; ಇಲ್ಲವೇ ಸ್ಟಾಪ್‌ಲಾಸನ್ನು ಇನ್ನೂ ಕೆಳಗೆ ಇಡಬೇಕಿತ್ತು. ಡಾರ್ವಾಸ್ ಮೂರನ್ನೂ ಕಲಿಯಲಿಲ್ಲ. ಬೆಲೆ ಮತ್ತೆ ಮಿತಿ ದಾಟಿದಾಗ 28¾ಕ್ಕೆ, ಮಾರಿದ್ದಕ್ಕಿಂತ ಸುಮಾರು ಮೂರು ಡಾಲರ್ ಹೆಚ್ಚು ಕೊಟ್ಟು, ಅದೇ ಷೇರನ್ನು ಅದೇ 26ರ ಸ್ಟಾಪ್‌ಲಾಸಿನೊಂದಿಗೆ ಮತ್ತೆ ಕೊಂಡ. ಆಮೇಲೆ ಆ ಷೇರು ಏರಿದ ರಭಸ ಅವನ ಪುಸ್ತಕದ ಮುಖ್ಯ ಅಧ್ಯಾಯಗಳಲ್ಲೊಂದಾಯಿತು.

ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ನಂಬಿ ಬಿತ್ತಿದ್ದು ಹುಟ್ಟದೆ ಹೋದರೆ, ಎರಡನೆಯ ಮಳೆಗೆ ರೈತ ಮತ್ತೆ ಕೂರಿಗೆ ಹೂಡುತ್ತಾನೆ. ಹೋದ ಬೀಜದ ರೊಕ್ಕಕ್ಕೆ ಹೊಟ್ಟೆ ಚುರ್ರೆನ್ನುತ್ತದೆ, ಆದರೆ ಮಳೆ ಬಂದಾಗ ಬಿತ್ತುವುದೇ ತಪ್ಪೆಂದು ಯಾರೂ ತೀರ್ಮಾನಿಸುವುದಿಲ್ಲ. ಲೊರಿಲಾರ್ಡಿನ ಮೊದಲ ಲುಕ್ಸಾನ ಅಂಥದ್ದು, ಖರ್ಚು. ಜೋನ್ಸ್ ಅಂಡ್ ಲಾಫ್ಲಿನ್ನಿನದು ಬೇರೆ ಜಾತಿಯದು. ಅಲ್ಲಿ ಸಾಲದ ರೊಕ್ಕವಿತ್ತು, ಹೊರಬರುವ ಬೆಲೆ ಮೊದಲೇ ಗೊತ್ತುಮಾಡಿರಲಿಲ್ಲ, ಎಲ್ಲ ಒಂದೇ ಷೇರಿನಲ್ಲಿತ್ತು. ಅದು ಪಾಠ. ಎರಡೂ ಖಾತೆಯಲ್ಲಿ ಒಂದೇ ಕೆಂಪು ಬಣ್ಣದಲ್ಲಿ ಕಾಣುತ್ತವೆ, ತೊಡಕು ಇರುವುದೇ ಅಲ್ಲಿ.

ಡಾರ್ವಾಸ್ ಪ್ರವಾಸ ಮುಗಿಸಿ ನ್ಯೂಯಾರ್ಕಿಗೆ ಬಂದ ಮೇಲಿನ ಸಂಗತಿಯನ್ನೂ ಹೇಳಬೇಕು. ಟೆಲಿಗ್ರಾಂ ನೋಡಿ ಇಷ್ಟು ಗಳಿಸಿದವನು ದಲಾಲನ ಕಚೇರಿಯಲ್ಲೇ ಕೂತರೆ ಇನ್ನೆಷ್ಟು ಗಳಿಸಬೇಡ ಎಂದುಕೊಂಡ. ಅಲ್ಲಿ ಎಲ್ಲರೂ ಮಾತನಾಡುತ್ತಿದ್ದರು, ಅವನ ಕಿವಿ ತೆರೆದಿತ್ತು. ಕೆಲವೇ ವಾರಗಳಲ್ಲಿ 1,00,000 ಡಾಲರ್ ಕರಗಿತು. ನಿಯಮ ಅದೇ, ಷೇರುಪೇಟೆ ಅದೇ; ಬದಲಾದದ್ದು ಅವನು ಕೂತ ಜಾಗ. ಮತ್ತೆ ಪ್ಯಾರಿಸ್ಸಿಗೆ ಹೋಗಿ, ಫೋನ್ ಮಾಡಬೇಡಿ, ಟೆಲಿಗ್ರಾಂ ಕಳಿಸಿದರೆ ಸಾಕು ಎಂದ ಮೇಲೆ ಹಳೆಯ ಲಯ ಮರಳಿತು. ಕಣಗಲಾದಂಥ ಊರಿನಲ್ಲಿ ಕೂತು, ದಲಾಲ್ ಸ್ಟ್ರೀಟಿನಿಂದ ದೂರ ಇದ್ದೇವಲ್ಲ ಎಂದು ಕೊರಗುವವರಿಗೆ ಇದು ಒಂದು ಕಾಲದಲ್ಲಿ ಸಮಾಧಾನದ ಮಾತಾಗಿತ್ತು. ಈಗ ಆ ಗದ್ದಲವೆಲ್ಲ ವಾಟ್ಸಾಪ್ ಗುಂಪುಗಳ ಮೂಲಕ ಅಂಗಿಯ ಕಿಸೆಗೇ ಬಂದಿದೆ. ದೂರ ಎಂಬುದನ್ನು ಈಗ ನಾವೇ ಮಾಡಿಕೊಳ್ಳಬೇಕು.

ಡಾರ್ವಾಸನ ಪುಸ್ತಕ 1960ರಲ್ಲಿ ಬಂತು. ಇಪ್ಪತ್ತು ಲಕ್ಷ ಡಾಲರ್ ಗಳಿಸಿದೆ ಎಂದು ರಟ್ಟಿನ ಮೇಲೆಯೇ ಬರೆದುಕೊಂಡ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಇಳಿದು, ಲೆಕ್ಕಕ್ಕೆ ಸಿಗುವ ಲಾಭ ಸುಮಾರು 2,16,000 ಡಾಲರ್ ಮಾತ್ರ ಎಂದರು. ಷೇರಿನಲ್ಲಿ ಗೆದ್ದವರ ಕತೆಗಳನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇದೂ ಇರಲಿ. ಸೋತ ಕತೆಗಳನ್ನು ನಾನು ಹೆಚ್ಚು ನಂಬುತ್ತೇನೆ, ಅದರಲ್ಲಿ ಬಡಾಯಿಗೆ ಜಾಗ ಕಡಿಮೆ.

ಯಾವಾಗ ಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬೆರಡು ಅಂಕಿ ಸಿಕ್ಕವು. ಮೂರನೆಯದು ಉಳಿದಿತ್ತು: ಎಷ್ಟು ಕೊಳ್ಳಬೇಕು. ಅದನ್ನು ಶಿಕಾಗೋದ ರಿಚರ್ಡ್ ಡೆನ್ನಿಸ್ ಮತ್ತು ಅವನ ಗೆಳೆಯ, ಗಣಿತ ಓದಿದ ವಿಲಿಯಂ ಎಕ್‌ಹಾರ್ಟ್ ನೇರ್ಪಡಿಸಿದರು. ಡೆನ್ನಿಸ್ ಮನೆಯವರಿಂದ ಸಾಲ ಪಡೆದ 1,600 ಡಾಲರಿನಲ್ಲಿ 1,200 ಕೊಟ್ಟು ಚಿಕ್ಕ ಸರಕು ವಿನಿಮಯ ಕೇಂದ್ರದಲ್ಲಿ ಜಾಗ ಕೊಂಡು, ಉಳಿದ 400ರಲ್ಲಿ ವ್ಯಾಪಾರ ಶುರುಮಾಡಿ, ಕೋಟ್ಯಧಿಪತಿಯಾದವನು. ಒಳ್ಳೆಯ ವ್ಯಾಪಾರಿಯನ್ನು ತಯಾರು ಮಾಡಬಹುದೋ ಅಥವಾ ಅವನು ಹುಟ್ಟಿಯೇ ಬರಬೇಕೋ ಎಂಬ ಬಗ್ಗೆ ಇಬ್ಬರಿಗೂ ವಾದ ಬಿತ್ತು. ಸಿಂಗಾಪುರದಲ್ಲಿ ಆಮೆ ಸಾಕುವುದನ್ನು ನೋಡಿ ಬಂದಿದ್ದ ಡೆನ್ನಿಸ್, ಹಾಗೇ ವ್ಯಾಪಾರಿಗಳನ್ನೂ ಸಾಕಿ ಬೆಳೆಸುತ್ತೇನೆಂದ. 1983ರ ಕೊನೆಗೆ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಸುಮಾರು ಇಪ್ಪತ್ತು ಜನರನ್ನು ಎರಡು ತಂಡಗಳಲ್ಲಿ ಆರಿಸಿ, ಎರಡು ವಾರ ಕಲಿಸಿ, ತಮ್ಮದೇ ರೊಕ್ಕ ಕೊಟ್ಟು ಕೂರಿಸಿದರು. ‘ಆಮೆಗಳು’ ಎಂದೇ ಅವರಿಗೆ ಹೆಸರಾಯಿತು.

ಕಲಿಸಿದ್ದರಲ್ಲಿ ಹೊಸದು ಕಡಿಮೆ. 20 ದಿನದ, 55 ದಿನದ ಗೆರೆಗಳು ಡಾಂಚಿಯನ್ನನ ವಂಶದವು. ಹೊಸದಿದ್ದದ್ದು ಎನ್ ಎಂಬ ಒಂದು ಅಕ್ಷರ. ಷೇರು ಅಥವಾ ಸರಕು ಸಾಮಾನ್ಯವಾಗಿ ದಿನಕ್ಕೆ ಎಷ್ಟು ತೂಗಾಡುತ್ತದೆ ಎಂಬುದರ 20 ದಿನಗಳ ಸರಾಸರಿ ಅದು. ವೆಲ್ಸ್ ವೈಲ್ಡರ್ ಎಂಬ ಎಂಜಿನಿಯರ್ 1978ರ ತನ್ನ ಪುಸ್ತಕದಲ್ಲಿ ಕೊಟ್ಟ ಅಳತೆಯನ್ನೇ ಹೋಲುವಂಥದ್ದು. ಸ್ಟಾಪ್‌ಲಾಸ್ ಎರಡು ಎನ್ ಕೆಳಗೆ. ಕೊಳ್ಳುವ ಪ್ರಮಾಣ ಎಷ್ಟೆಂದರೆ, ಸ್ಟಾಪ್‌ಲಾಸ್ ತಾಗಿದರೂ ಬಂಡವಾಳದ ಶೇ. 2ಕ್ಕಿಂತ ಹೆಚ್ಚು ಹೋಗಬಾರದು.

ಇದನ್ನು ನಮ್ಮ ರೂಪಾಯಿಗೆ ಇಳಿಸಿ ನೋಡೋಣ, ಇನ್ನೂ ಎಚ್ಚರದಿಂದ ಶೇ. 1 ಇಟ್ಟುಕೊಂಡು. ಬಂಡವಾಳ 2 ಲಕ್ಷ. ಒಂದು ಸೌದಾದಲ್ಲಿ ಕಳೆದುಕೊಳ್ಳಲು ತಯಾರಿರುವುದು 2,000 ರೂಪಾಯಿ. 400 ರೂಪಾಯಿಯ ಒಂದು ಷೇರು ದಿನಕ್ಕೆ 10 ರೂಪಾಯಿ ತೂಗಾಡುತ್ತಿದ್ದರೆ ಸ್ಟಾಪ್‌ಲಾಸ್ 380ಕ್ಕೆ. ಕೊಳ್ಳಬಹುದಾದದ್ದು 100 ಷೇರು, ಅಂದರೆ 40,000 ರೂಪಾಯಿ. ಅದೇ ಬೆಲೆಯ ಇನ್ನೊಂದು ಷೇರು ದಿನಕ್ಕೆ 25 ರೂಪಾಯಿ ಕುಣಿಯುತ್ತಿದ್ದರೆ ಸ್ಟಾಪ್‌ಲಾಸ್ 350ಕ್ಕೆ. ಷೇರು 40 ಮಾತ್ರ, 16,000 ರೂಪಾಯಿ. ಎರಡರಲ್ಲೂ ಹೋಗುವುದು ಅದೇ 2,000. ಲುಕ್ಸಾನವನ್ನು ಮೊದಲು ಬರೆದು, ಖರೀದಿಯನ್ನು ಆಮೇಲೆ ಲೆಕ್ಕ ಹಾಕುವುದು. ನಾವು ಮಾಡುವುದು ಇದರ ತಿರುವುಮುರುವು: ಮೊದಲು ಕೊಳ್ಳುತ್ತೇವೆ, ಹೋದದ್ದೆಷ್ಟು ಎಂದು ಆಮೇಲೆ ನೋಡುತ್ತೇವೆ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ನಿಜವಾದ ಆವಿಷ್ಕಾರ ಎಂದರೆ ಇದೇ. 20 ದಿನದ ಗೆರೆ 25 ದಿನದ್ದಾಗಿದ್ದರೂ ಪ್ರಪಂಚ ಮುಳುಗುತ್ತಿರಲಿಲ್ಲ.

ಇದು ಏಕೆ ಮುಖ್ಯ ಎಂದರೆ ಈ ಪದ್ಧತಿಯಲ್ಲಿ ಹೆಚ್ಚಿನ ಸೌದಾಗಳು ಸೋಲುತ್ತವೆ. ನೂರರಲ್ಲಿ 35 ಗೆದ್ದರೆ ಸಾಮಾನ್ಯ. ಗೆದ್ದಾಗ ಸರಾಸರಿ ಮೂರು ಪಟ್ಟು ಬಂದು, ಸೋತಾಗ ಒಂದು ಪಟ್ಟು ಹೋದರೆ, 105 ಬಂದು 65 ಹೋಗಿ 40 ಉಳಿಯುತ್ತದೆ. ಕಾಗದದ ಮೇಲೆ ಚೆಂದ. ಆದರೆ ಹೀಗೆ ನೂರು ಸೌದಾ ಮಾಡುವಷ್ಟರಲ್ಲಿ ಎಲ್ಲೋ ಒಂದು ಕಡೆ ಸಾಲಾಗಿ ಹತ್ತು ಲುಕ್ಸಾನ ಬರುವ ಸಂಭವ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಪ್ರತಿಸಲ ಶೇ. 2 ಹೋಗುತ್ತಿದ್ದರೆ ಆ ಹತ್ತರ ಕೊನೆಗೆ ಬಂಡವಾಳದಲ್ಲಿ ಶೇ. 18 ಕಡಿಮೆಯಾಗಿರುತ್ತದೆ, ಶೇ. 22ರಷ್ಟು ಗಳಿಸಿದರೆ ಮತ್ತೆ ಮೊದಲಿನ ಜಾಗ. ಪ್ರತಿಸಲ ಶೇ. 10 ಹೋಗುತ್ತಿದ್ದರೆ ಶೇ. 65 ಹೋಗಿರುತ್ತದೆ, ಮರಳಲು ಉಳಿದದ್ದು ಸುಮಾರು ಮೂರು ಪಟ್ಟಾಗಬೇಕು. ಪದ್ಧತಿ ಅದೇ, ಅದೃಷ್ಟವೂ ಅದೇ. ಒಬ್ಬ ಪೇಟೆಯಲ್ಲಿ ಉಳಿಯುತ್ತಾನೆ, ಇನ್ನೊಬ್ಬ ಮುಗಿದ.

ಒಂದೇ ಕೋಣೆ, ಒಂದೇ ಗುರು, ಒಂದೇ ನಿಯಮ ಇದ್ದರೂ ಆಮೆಗಳ ಫಲಿತಾಂಶ ಒಂದೇ ಇರಲಿಲ್ಲ. ಕೆಲವರು ಕೋಟಿಗಟ್ಟಲೆ ಗಳಿಸಿದರು, ಕೆಲವರು ನಿಯಮ ಬಾಯಿಪಾಠವಿದ್ದೂ ಪಾಲಿಸಲಾರದೆ ಹೊರಬಿದ್ದರು. ಸಾಲು ಲುಕ್ಸಾನದ ನಂತರದ ಹನ್ನೊಂದನೆಯ ಸೌದಾವನ್ನು ಬಿಟ್ಟುಬಿಟ್ಟವನಿಗೆ ವರ್ಷದ ದೊಡ್ಡ ತೇಜಿ ಅದರಲ್ಲೇ ಇರುತ್ತಿತ್ತು. ಗುರುವೂ ಪಾರಾಗಲಿಲ್ಲ. 1987ರ ಅಕ್ಟೋಬರ್ ಕುಸಿತ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಡೆನ್ನಿಸ್ ನಿರ್ವಹಿಸುತ್ತಿದ್ದ ನಿಧಿಗಳು ಅರ್ಧದಷ್ಟು ಕಳೆದುಕೊಂಡು, 1988ರಲ್ಲಿ ಬಾಗಿಲು ಹಾಕಿದವು.

ನಮ್ಮ ನಾಡಿಗೆ ಬರೋಣ. ಕಾಗದದ ಷೇರು ಅಂಚೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಕಣಗಲಾದಲ್ಲಿ ಕೂತು 10 ದಿನದ ಗೆರೆ ಮುರಿದಾಗ ಮಾರುವುದು ಆಗದ ಮಾತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಪರದೆ ವ್ಯಾಪಾರ, 1996ರಲ್ಲಿ ಡಿಮ್ಯಾಟ್, ಆಮೇಲೆ ಅಗ್ಗದ ಇಂಟರ್ನೆಟ್ ಬಂದ ಮೇಲೆ ಬಾಗಿಲು ತೆರೆಯಿತು. ಬಾಗಿಲಿನಿಂದ ಒಳಬಂದ ಜನ ಹಳೆಯ ಟ್ರಂಕಿನ ಬುದ್ಧಿಯನ್ನೂ ತಂದರು. ಯೆಸ್ ಬ್ಯಾಂಕಿನ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿ ಮುಟ್ಟಿತ್ತು. ಆ ತಿಂಗಳ ಕೊನೆಯಿಂದಲೇ ಜಾರತೊಡಗಿತು. ಮುಖ್ಯಸ್ಥ ರಾಣಾ ಕಪೂರ್ ಅವರ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊಟಕುಗೊಳಿಸಿದ ಸುದ್ದಿಗೆ ಸೆಪ್ಟೆಂಬರ್ 21ರಂದು ಒಂದೇ ದಿನ ಸುಮಾರು ಶೇ. 29 ಬಿತ್ತು. ಟ್ರೆಂಡ್ ಹಿಡಿದು ನಡೆಯುವವನಿಗೆ ಅಲ್ಲಿ ಕತೆ ಮುಗಿದಂತೆ. ಆದರೆ ಹಳ್ಳಿಯಿಂದ ಬೆಂಗಳೂರಿನವರೆಗೆ ಜನ ಆವರೇಜ್ ಮಾಡಿದರು. 200ಕ್ಕೆ ಇನ್ನಷ್ಟು, 100ಕ್ಕೆ ಇನ್ನಷ್ಟು, 50ಕ್ಕೆ ಹೆಂಡತಿಯ ಬಂಗಾರದ ಮೇಲೆ. “400ರ ಮಾಲು 50ಕ್ಕ ಬಂದೈತಿ, ಇನ್ನೆಷ್ಟ ಇಳೀತೈತಿ?” 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, ಮರುದಿನ ಷೇರು 5 ರೂಪಾಯಿ 55 ಪೈಸೆಯವರೆಗೆ ಇಳಿಯಿತು. ಆಮೇಲಿನ ಪುನಶ್ಚೇತನ ಯೋಜನೆಯಲ್ಲಿ, 100ಕ್ಕಿಂತ ಹೆಚ್ಚು ಷೇರಿದ್ದವರ ಮುಕ್ಕಾಲು ಪಾಲು ಷೇರನ್ನು ಮೂರು ವರ್ಷ ಮಾರದಂತೆ ಬೀಗ ಹಾಕಲಾಯಿತು. ಮಾರದಿದ್ದರೆ ಲುಕ್ಸಾನವೇ ಅಲ್ಲ ಎನ್ನುತ್ತಿದ್ದವರಿಗೆ ಮಾರುವ ಹಕ್ಕೇ ಉಳಿಯಲಿಲ್ಲ.

ಇದು ನಮ್ಮ ಊರಿನವರ ದಡ್ಡತನವಲ್ಲ. 1985ರಲ್ಲಿ ಹರ್ಷ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ ಎಂಬ ಪ್ರಾಧ್ಯಾಪಕರು, ಜನ ಗೆದ್ದ ಷೇರನ್ನು ಬೇಗ ಮಾರಿ ಸೋತದ್ದನ್ನು ಅಪ್ಪಿಕೊಂಡು ಕೂರುತ್ತಾರೆ ಎಂದು ವಿವರಿಸಿದರು. 1998ರಲ್ಲಿ ಟೆರನ್ಸ್ ಒಡೀನ್ ಅಮೆರಿಕದ 10,000 ದಲಾಲಿ ಖಾತೆಗಳನ್ನು ತೆರೆದು ನೋಡಿದಾಗ ಅದೇ ಕಂಡಿತು; ಅಷ್ಟೇ ಅಲ್ಲ, ಅವರು ಮಾರಿದ ಗೆಲ್ಲುವ ಕುದುರೆಗಳು ಮುಂದಿನ ವರ್ಷ, ಅವರು ಇಟ್ಟುಕೊಂಡ ಸೋತ ಷೇರುಗಳಿಗಿಂತ ಸರಾಸರಿ ಶೇ. 3.4ರಷ್ಟು ಮುಂದೆ ಓಡಿದ್ದವು. ವಾಯಿದೆ ಮತ್ತು ಆಪ್ಷನ್ ವ್ಯಾಪಾರದಲ್ಲಂತೂ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು: ಮೂರು ವರ್ಷಗಳಲ್ಲಿ ಶೇ. 93ರಷ್ಟು ಬಿಡಿ ವ್ಯಾಪಾರಿಗಳಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ಸ್ಟಾಪ್‌ಲಾಸ್ ಇಟ್ಟವನೂ ಎಲ್ಲ ಕಡೆ ಪಾರಾಗುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಲೆಕ್ಕ ಸುಳ್ಳೆಂದು ಒಪ್ಪಿಕೊಂಡಾಗ ಸುಮಾರು 179 ರೂಪಾಯಿಯ ಷೇರು ಅದೇ ದಿನ 40ರ ಆಸುಪಾಸಿಗೆ ಬಂತು. ನಡುವೆ ಎಲ್ಲೋ ಇಟ್ಟ ಸ್ಟಾಪ್‌ಲಾಸ್ ಆ ಬೆಲೆಗೆ ಕೈಗೂಡಲಿಲ್ಲ. ಆದರೆ ಅದಕ್ಕೂ ಹಿಂದಿನ ಡಿಸೆಂಬರ್ 17ರಂದೇ, ಮೇಟಾಸ್ ಎಂಬ ಕಂಪನಿಗಳನ್ನು ಕೊಳ್ಳಹೊರಟ ಗೊಂದಲದಲ್ಲಿ, ಅದು ಶೇ. 30ರಷ್ಟು ಬಿದ್ದಿತ್ತು. ಬೆಲೆಯನ್ನಷ್ಟೇ ನೋಡುವವನು ಮೂರು ವಾರ ಮುಂಚೆಯೇ ಹೊರಗಿರಬೇಕಿತ್ತು. ಸಣ್ಣ ಕಂಪನಿಗಳ ಷೇರಿನಲ್ಲಿ ಕಷ್ಟ ಇನ್ನೂ ಹೆಚ್ಚು. ದಿನದ ಇಳಿಕೆಯ ಮಿತಿ, ಅಂದರೆ ಶೇ. 5ರ ಲೋವರ್ ಸರ್ಕಿಟ್, ಬಿದ್ದರೆ ಕೊಳ್ಳುವವನೇ ಇರುವುದಿಲ್ಲ. ದಿನಾ ಮುಂಜಾನೆ ಮಾರಾಟದ ಸಾಲಿನಲ್ಲಿ ನಿಂತು ದಿನಾ ಶೇ. 5 ಕಡಿಮೆಯಾಗುವುದನ್ನು ನೋಡಬೇಕು. ಇಂಥ ಲುಕ್ಸಾನ ನಿಯಮ ಪಾಲಿಸಿದವನಿಗೂ ಪಾಠವೇ. ಆ ಜಾತಿಯ ಷೇರಿಗೆ ಈ ನಿಯಮ ಒಗ್ಗುವುದಿಲ್ಲ ಎಂದು ಅದು ಹೇಳುತ್ತದೆ.

ಹಾಗಾದರೆ ವಹಿಯಲ್ಲಿ ಬರೆಯಬೇಕಾದ್ದು ಏನು? ಕೊಂಡ ಬೆಲೆ, ಮಾರಿದ ಬೆಲೆ ದಲಾಲನ ಆ್ಯಪ್ ತಾನೇ ಬರೆದಿಡುತ್ತದೆ. ಅದು ಬರೆಯದಿರುವುದು ಒಂದೇ: ಕೊಳ್ಳುವ ಮುಂಚೆ ನಾನು ಏನು ಮಾಡುತ್ತೇನೆಂದು ಹೇಳಿದ್ದೆ, ಆಮೇಲೆ ಏನು ಮಾಡಿದೆ. ಎರಡೂ ಒಂದೇ ಇದ್ದು ಲುಕ್ಸಾನವಾಗಿದ್ದರೆ ಅದನ್ನು ಡೀಸೆಲ್ ಖರ್ಚಿನ ಹಾಗೆ ಬರೆದು ಪುಟ ತಿರುವಬೇಕು. ಅಲ್ಲಿ ಪಾಠ ಹುಡುಕಹೋದವನು ಹಾಳಾಗುತ್ತಾನೆ. 20 ದಿನದ ಗೆರೆಗೆ ಸೋತಾಗ 23 ಮಾಡುತ್ತಾನೆ, 23ಕ್ಕೆ ಸೋತಾಗ 18 ಮಾಡುತ್ತಾನೆ, ಹಿಂದಿನ ಎಲ್ಲ ಲುಕ್ಸಾನವೂ ಮಾಯವಾಗುವ ಹಾಗೆ ನಿಯಮವನ್ನು ತಿದ್ದಿ ತಿದ್ದಿ, ಹಿಂದಿನ ವರ್ಷಕ್ಕೆ ಮಾತ್ರ ಸರಿಹೊಂದುವ ಅಂಗಿ ಹೊಲಿದುಕೊಳ್ಳುತ್ತಾನೆ. ಹೇಳಿದ್ದು ಒಂದು, ಮಾಡಿದ್ದು ಒಂದು ಆದ ಸಾಲುಗಳೇ ಬೇರೆ. ಸ್ಟಾಪ್‌ಲಾಸ್ ಕೆಳಗೆ ಸರಿಸಿದ್ದು, ಪ್ರಮಾಣ ಎರಡು ಪಟ್ಟು ಮಾಡಿದ್ದು, ಗುಂಪಿನಲ್ಲಿ ಯಾರೋ ಹೇಳಿದ್ದಕ್ಕೆ ಕೊಂಡದ್ದು. ಆರು ತಿಂಗಳ ವಹಿಯಲ್ಲಿ ಅಂಥ ಸಾಲುಗಳನ್ನಷ್ಟೇ ಬೇರೆ ಕೂಡಿಸಿ ನೋಡಿದರೆ ಬಹುಪಾಲು ಜನರ ಒಟ್ಟು ನಷ್ಟದ ದೊಡ್ಡ ಭಾಗ ಅಲ್ಲೇ ಸಿಗುತ್ತದೆ ಎಂಬುದು ನನ್ನ ಗುಮಾನಿ. ಹಾಗೆಯೇ, ನಿಯಮ ಮುರಿದು, ಇಲ್ಲವೇ ನಿಯಮವೇ ಇಲ್ಲದೆ, ಫಾಯದೆ ಆದ ಸಾಲುಗಳಿಗೂ ಒಂದು ಗುರುತು ಹಾಕಬೇಕು. ಡಾರ್ವಾಸನ ಬ್ರಿಲುಂಡ್ ಅಂಥದ್ದು.

ಕೂಡಿಸುವಾಗ ದಲಾಲಿ, ಕೊಳ್ಳುವಾಗಲೂ ಮಾರುವಾಗಲೂ ಶೇ. 0.1ರ ಸೌದಾ ತೆರಿಗೆ ಸೇರಿಸುವುದು ಮರೆಯಬಾರದು. ಮೇಲೆ ಕೆಳಗೆ ಆಡುತ್ತ ಎಲ್ಲಿಗೂ ಹೋಗದ ಪೇಟೆಯಲ್ಲಿ ಅದೇ ಹುಳದಂತೆ ತಿನ್ನುತ್ತದೆ. ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20 ತೆರಿಗೆ. ಲುಕ್ಸಾನವಾದರೆ ಅದನ್ನು ಮುಂದಿನ ಎಂಟು ವರ್ಷಗಳ ಲಾಭದಲ್ಲಿ ಕಳೆದುಕೊಳ್ಳಲು ಕಾನೂನು ಬಿಡುತ್ತದೆ, ಗಡುವಿನೊಳಗೆ ರಿಟರ್ನ್ ಸಲ್ಲಿಸಿ ತೋರಿಸಿದ್ದರೆ ಮಾತ್ರ. ಸೋತ ವರ್ಷ ರಿಟರ್ನ್ ಯಾಕೆ ತುಂಬಬೇಕು, ಗಳಿಸಿದ್ದೇನಿದೆ ಎಂದು ಸುಮ್ಮನಿರುವವರೇ ಹೆಚ್ಚು. ಸಂಕೇಶ್ವರ, ನಿಪ್ಪಾಣಿಯ ತೆರಿಗೆ ಸಲಹೆಗಾರರ ಬಳಿ ಅವರು ಬರುವುದು ಗೆದ್ದ ವರ್ಷ, ಹಳೆಯ ಲುಕ್ಸಾನದ ಕಾಗದ ಹಿಡಿದುಕೊಂಡು. ಆಗ ಅದು ಲೆಕ್ಕಕ್ಕಿಲ್ಲ.